ಪಡಯಣಿ: ಅಡಿಕೆ ಹಾಳೆಯ ಮೇಲೆ ಬರೆದ ದೇವಿಯ ಲೋಕ (ಪದೇ ಪದೇ ಕೇಳುವ ಪ್ರಶ್ನೆಗಳು)

ಪಡಯಣಿ ಎಂದರೇನು?

ಕೇರಳದ ಮಧ್ಯ ತಿರುವಾಂಕೂರು ಸೀಮೆಯ ಭದ್ರಕಾಳಿ ಗುಡಿಗಳ ಅಂಗಳದಲ್ಲಿ ರಾತ್ರಿ ಹೊತ್ತು ನಡೆಯುವ ಆರಾಧನಾ ರಂಗಕಲೆಗೆ ಪಡಯಣಿ ಎಂದು ಹೆಸರು. ಊರಿನವರ ಬಾಯಲ್ಲಿ ಅದು ಪಡೇನಿ. ಪಂಪಾ ಮತ್ತು ಮಣಿಮಲ ನದಿಗಳ ದಡದ ಊರುಗಳು, ಅಂದರೆ ಇಂದಿನ ಪತ್ತನಂತಿಟ್ಟ ಜಿಲ್ಲೆಯೂ ಅದರ ಸುತ್ತಲಿನ ಕೋಟ್ಟಯಂ, ಆಲಪ್ಪುಳ, ಕೊಲ್ಲಂ ಜಿಲ್ಲೆಗಳ ಕೆಲವು ಭಾಗಗಳೂ ಇದರ ನೆಲೆ. ಹೆಸರಿನ ಅರ್ಥ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದಷ್ಟು ದೂರದ್ದಲ್ಲ: ಪಡ ಎಂದರೆ ನಮ್ಮ ಪಡೆ, ಅಣಿ ಎಂದರೆ ಸಾಲು. ದೇವಿಯ ಮುಂದೆ ಸಾಲುಗಟ್ಟಿ ಬರುವ ಭೂತಗಣಗಳ ಪಡೆ ಎಂದು ತಿಳಿದರೆ ಸಾಕು.

ಈ ಪಡೆಯಲ್ಲಿ ಗಣಪತಿ, ಮರುತ, ಯಕ್ಷಿ, ಪಕ್ಷಿ, ಕಾಲ, ಭೈರವಿ ಮೊದಲಾದ ರೂಪಗಳು ಬರುತ್ತವೆ. ಒಂದೊಂದು ರೂಪಕ್ಕೂ ಕೋಲಂ ಎನ್ನುತ್ತಾರೆ. ನಮ್ಮ ಭೂತಕೋಲದ ಕೋಲವೇ ಇದು. ರೂಪ, ವೇಷ, ಆಕಾರ ಎಂಬ ಅರ್ಥಗಳೆಲ್ಲ ಆ ಮಾತಿನಲ್ಲಿವೆ. ಹಸಿ ಅಡಿಕೆ ಹಾಳೆಗಳನ್ನು ಕತ್ತರಿಸಿ, ಜೋಡಿಸಿ, ಬಣ್ಣದಲ್ಲಿ ಬರೆದ ಈ ಕೋಲಗಳನ್ನು ತಲೆಗೋ ಮುಖಕ್ಕೋ ಕಟ್ಟಿಕೊಂಡು, ಪಂಜಿನ ಬೆಳಕಿನಲ್ಲಿ, ಹಾಡು ಮತ್ತು ಚರ್ಮವಾದ್ಯದ ಗತಿಗೆ ಕುಣಿಯುತ್ತಾರೆ.

ಇದರ ಹಿಂದಿನ ಕಥೆ ಯಾವುದು?

ದಾರಿಕಾಸುರನ ಕಥೆ. ಶಿವನ ಹಣೆಗಣ್ಣಿನಿಂದ ಹುಟ್ಟಿದ ಭದ್ರಕಾಳಿ ದಾರಿಕನನ್ನು ಕೊಂದು ಅವನ ತಲೆಯನ್ನು ಹಿಡಿದು ಬರುತ್ತಾಳೆ. ಯುದ್ಧ ಮುಗಿದಿದೆ, ಆದರೆ ಅವಳ ಕೋಪ ಮುಗಿದಿಲ್ಲ. ಲೋಕವೇ ಸುಟ್ಟುಹೋದೀತೆಂದು ದೇವತೆಗಳು ಹೆದರುತ್ತಾರೆ. ಅವಳನ್ನು ತಣಿಸಲು ಭೂತಗಣಗಳು ಬಗೆಬಗೆಯ ಕೋಲಗಳನ್ನು ಕಟ್ಟಿ ಅವಳೆದುರು ಕುಣಿದವು ಎನ್ನುವುದು ಕಥೆಯ ತಿರುಳು. ಒಂದು ಪಾಠದಲ್ಲಿ ಹಾಳೆಯ ಮೇಲೆ ಕೋಲ ಬರೆದವನು ಸುಬ್ರಹ್ಮಣ್ಯ. ಹಾಳೆಯಲ್ಲಿ ತನ್ನದೇ ಉಗ್ರರೂಪವನ್ನು ಕಂಡ ದೇವಿಗೆ ನಗು ಬಂದು ಕೋಪ ಇಳಿಯಿತೆಂದು ಅದು ಹೇಳುತ್ತದೆ. ಊರಿಂದ ಊರಿಗೆ ವಿವರಗಳು ಬದಲಾಗುತ್ತವೆ, ಇದೊಂದು ಮಾತು ಮಾತ್ರ ಎಲ್ಲೆಡೆ ಉಳಿಯುತ್ತದೆ: ಯುದ್ಧದ ಕೋಪವನ್ನು ಆರಿಸಿದ್ದು ಇನ್ನೊಂದು ಆಯುಧವಲ್ಲ, ನೋಟ.

ಆದ್ದರಿಂದ ಪಡಯಣಿಯನ್ನು ದಾರಿಕವಧೆಯ ನಾಟಕವೆಂದು ತಿಳಿಯುವುದು ಸರಿಯಲ್ಲ. ವಧೆಯನ್ನು ಆಡಿ ತೋರಿಸುವುದು ಮುಡಿಯೇಟ್ಟು ಎಂಬ ಬೇರೆ ಕಲೆ. ಪಡಯಣಿ ಆರಂಭವಾಗುವುದೇ ವಧೆ ಮುಗಿದ ಮೇಲೆ.

ಕೋಪಗೊಂಡ ದೇವಿಯನ್ನು ತಣಿಸಲು ಭಯಂಕರ ಮುಖಗಳೇ ಏಕೆ? ಸೌಮ್ಯ ರೂಪಗಳು ಹೆಚ್ಚು ಸೂಕ್ತವಲ್ಲವೇ?

ಪಡಯಣಿಯ ಸೌಂದರ್ಯವನ್ನು ಅರಿಯಲು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದೆಂದು ನಾನು ಭಾವಿಸುತ್ತೇನೆ. ಸಾಮಾನ್ಯವಾಗಿ ರಂಗಕಲೆಯನ್ನು ನೋಡುವಾಗ ನಾವು ನಮ್ಮನ್ನೇ ಪ್ರೇಕ್ಷಕರೆಂದು ತಿಳಿಯುತ್ತೇವೆ. ಮುಖವಾಡ ನಮ್ಮನ್ನು ಹೆದರಿಸಲು, ಬಣ್ಣ ನಮ್ಮನ್ನು ಸೆಳೆಯಲು ಎಂದುಕೊಳ್ಳುತ್ತೇವೆ. ಪಡಯಣಿಯಲ್ಲಿ ಮೊದಲ ಪ್ರೇಕ್ಷಕಿ ದೇವಿ. ಗರ್ಭಗುಡಿಯ ದೀಪದಿಂದ ಬೆಂಕಿ ತಂದು ಅಂಗಳದಲ್ಲಿ ಪಂಜು ಹೊತ್ತಿಸುವುದೆಂದರೆ ಅವಳನ್ನು ಹೊರಗೆ ಕರೆದು ಕೂರಿಸಿದಂತೆ. ಊರಿನವರೆಲ್ಲ ಸುತ್ತ ನಿಂತು ನೋಡುವವರು ನಿಜ. ಆದರೆ ಅವರು ನೋಡುವುದು ದೇವಿ ನೋಡುತ್ತಿರುವುದನ್ನು.

ಈ ದೃಷ್ಟಿಯಿಂದ ನೋಡಿದರೆ ಭಯಂಕರ ಮುಖಗಳ ಅರ್ಥವೇ ಬದಲಾಗುತ್ತದೆ. ಉಕ್ಕುವ ಕೋಪದಲ್ಲಿರುವವಳ ಎದುರಿಗೆ ಹೂವಿನಂಥ ಮುಖವೊಂದನ್ನು ತಂದು ನಿಲ್ಲಿಸಿದರೆ ಅವಳ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ಅವಳ ಉಗ್ರತೆಗೆ ಸಮನಾದ ಉಗ್ರತೆ ಬೇಕು. ತೆರೆದ ಬಾಯಿ, ಹೊರಚಾಚಿದ ನಾಲಗೆ, ಕೋರೆಹಲ್ಲು, ಮುಖದ ಬಹುಭಾಗವನ್ನು ತುಂಬುವ ಉರುಟು ಕಣ್ಣು, ಇವೆಲ್ಲ ಅವಳದೇ ಲಕ್ಷಣಗಳು, ಅವಳ ಗಣಗಳ ಲಕ್ಷಣಗಳು. ಆದರೆ ಈಗ ಅವು ಅವಳೊಳಗೆ ಉರಿಯುತ್ತಿಲ್ಲ. ಗೆರೆಯಾಗಿ, ಬಣ್ಣವಾಗಿ, ತಾಳಕ್ಕೆ ಬಿದ್ದು ಅವಳ ಮುಂದೆ ಕುಣಿಯುತ್ತಿವೆ. ಕೋಪಕ್ಕೆ ಆಕಾರ ಸಿಕ್ಕಿದೆ, ಅಂಚು ಸಿಕ್ಕಿದೆ, ಲಯ ಸಿಕ್ಕಿದೆ. ಕೋಪವನ್ನು ಅಡಗಿಸದೆ, ಅದನ್ನು ಬರೆದು ತೋರಿಸಿ ತಣಿಸುವ ಈ ಕ್ರಮಕ್ಕಿಂತ ಆಳವಾದ ಕಲಾವಿಚಾರವನ್ನು ನಾನು ಜನಪದ ರಂಗಭೂಮಿಯಲ್ಲಿ ಬೇರೆಡೆ ಕಂಡಿಲ್ಲ.

ಮನುಷ್ಯರ ಭಯಕ್ಕೂ ಇದೇ ಕ್ರಮ ಅನ್ವಯವಾಗುತ್ತದೆ. ಸಿಡುಬಿನಂಥ ರೋಗಗಳ ಜೊತೆ ಗುರುತಿಸುವ ಮರುತ, ಮಕ್ಕಳನ್ನು ಕಾಡುತ್ತದೆಂದು ನಂಬಿದ ಪಕ್ಷಿ, ಪ್ರಾಣ ಕೊಂಡೊಯ್ಯುವ ಕಾಲ, ಇವು ಕತ್ತಲಲ್ಲಿ ರೂಪವಿಲ್ಲದೆ ಕಾಡುವಾಗ ಮನುಷ್ಯ ಅಸಹಾಯಕ. ಅವೇ ಕೋಲಗಳಾಗಿ ಬೆಳಕಿಗೆ ಬಂದು, ದೇವಿಯ ಅಂಗಳದಲ್ಲಿ ಕುಣಿದು, ಹಾಡಿನಲ್ಲಿ ಹೊಗಳಿಸಿಕೊಂಡು ಹೊರಟುಹೋಗುತ್ತವೆ.

ಮರದ ಅಥವಾ ಲೋಹದ ಮುಖವಾಡಗಳನ್ನು ಬಿಟ್ಟು ಅಡಿಕೆ ಹಾಳೆಯನ್ನು ಏಕೆ ಬಳಸುತ್ತಾರೆ?

ಮಲಯಾಳದಲ್ಲಿ ಇದಕ್ಕೆ ಪಾಳ ಎನ್ನುತ್ತಾರೆ. ಪಕಾರ ಹಕಾರವಾದ ಕನ್ನಡದಲ್ಲಿ ಅದೇ ಹಾಳೆ. ನಾವು ಕಾಗದಕ್ಕೂ ಹಾಳೆ ಎನ್ನುತ್ತೇವೆ. ಚಿತ್ರವನ್ನೂ ಅಕ್ಷರವನ್ನೂ ಬರೆಯುವುದು ಎಂಬ ಒಂದೇ ಮಾತಿನಿಂದ ಹೇಳುತ್ತೇವೆ. ಪಡಯಣಿಯವರೂ ಕೋಲವನ್ನು ಬರೆಯುತ್ತಾರೆಂದೇ ಹೇಳುವುದು. ಆ ಕೆಲಸದ ಹೆಸರು ಕೋಲಮೆಳುತ್ತು. ಈ ಕಲೆಯನ್ನು ಕನ್ನಡದಲ್ಲಿ ವಿವರಿಸುವುದು ಸುಲಭವೆನಿಸಲು ಇದೂ ಒಂದು ಕಾರಣ.

ನಾವು ತೋಟದಲ್ಲಿ ಆರಿಸುವುದು ಹಣ್ಣಾಗಿ ಬಿದ್ದ ಹಾಳೆ. ಕೋಲಕ್ಕೆ ಬೇಕಾದದ್ದು ಹಸಿರು ಹಾಳೆ. ಮರ ಹತ್ತಿ ಕೊಯ್ದು, ನೆಲಕ್ಕೆ ತಾಗದಂತೆ ಇಳಿಸುವ ಪದ್ಧತಿಯಿದೆ. ಹೊರಮೈಯ ಹಸಿರು ಸಿಪ್ಪೆಯನ್ನು ಕೆತ್ತಿ ತೆಗೆದರೆ ಒಳಗಿನ ಬಿಳುಪು ಕಾಣುತ್ತದೆ. ಎಲ್ಲಿ ಕೆತ್ತಬೇಕು, ಎಲ್ಲಿ ಉಳಿಸಬೇಕು ಎನ್ನುವುದರಿಂದಲೇ ಚಿತ್ರ ಅರ್ಧ ಹುಟ್ಟಿಬಿಡುತ್ತದೆ. ಹಾಳೆಗೆ ತನ್ನದೇ ಬಾಗು ಇದೆ: ನಡುವೆ ದಪ್ಪ, ಅಂಚಿನಲ್ಲಿ ತೆಳು, ಉದ್ದಕ್ಕೂ ಓಡುವ ನಾರು. ಬರೆಯುವವನು ಈ ಬಾಗನ್ನು ಸರಿಪಡಿಸಲು ಹೋಗುವುದಿಲ್ಲ. ಕೆನ್ನೆಯ ಉಬ್ಬಿಗೂ ಹಣೆಯ ಇಳಿಜಾರಿಗೂ ಅದನ್ನೇ ಬಳಸಿಕೊಳ್ಳುತ್ತಾನೆ. ತುಂಡುಗಳನ್ನು ಹೊಲಿಯುವುದು ತೆಂಗಿನ ಗರಿಯ ಕಡ್ಡಿಯಿಂದ. ಅಂಚಿಗೆ, ಜಡೆಗೆ, ರೆಕ್ಕೆಗೆ, ಸೊಂಟದ ಸುತ್ತಿಗೆ ತೆಂಗಿನ ಸುಳಿಗರಿ. ತುಳುನಾಡಿನ ದೈವಗಳು ಉಡುವ ಸಿರಿಯನ್ನು ಬಲ್ಲವರಿಗೆ ಅದರ ತಿಳಿಹಳದಿ ಬಣ್ಣವೂ ಕುಣಿತದಲ್ಲಿ ಅದು ಮಾಡುವ ಸರಸರ ಸದ್ದೂ ಹೊಸದಲ್ಲ.

ಮರದ ಮುಖವಾಡ ತಲೆಮಾರುಗಳ ಕಾಲ ಉಳಿಯುತ್ತದೆ, ಗುಡಿಯಲ್ಲಿ ಪೂಜೆಗೊಳ್ಳುತ್ತದೆ, ತಾನೇ ದೈವವಾಗುತ್ತದೆ. ಹಸಿ ಹಾಳೆ ಹೆಚ್ಚೆಂದರೆ ಒಂದೆರಡು ದಿನ. ಬಾಡಿ, ಸುರುಟಿ, ಬಿರಿಯುತ್ತದೆ. ಇದನ್ನು ಬಡತನವೆಂದೋ ಅನುಕೂಲವೆಂದೋ ನೋಡುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಪ್ರತಿ ವರ್ಷವೂ ಮೊದಲಿನಿಂದ ಬರೆಯಬೇಕಾದ್ದರಿಂದಲೇ ಬರೆಯುವ ವಿದ್ಯೆ ಊರಿನ ಕೈಗಳಲ್ಲಿ ಉಳಿದಿದೆ. ಕೋಲವು ಭಂಡಾರದಲ್ಲಿ ಕೂಡಿಡುವ ಆಸ್ತಿಯಲ್ಲ, ಆ ರಾತ್ರಿಯ ಅರ್ಪಣೆ.

ಯಾವ ಬಣ್ಣಗಳನ್ನು ಬಳಸುತ್ತಾರೆ? ಅವುಗಳಿಗೆ ಸಂಕೇತಾರ್ಥವಿದೆಯೇ?

ಐದು ಬಣ್ಣಗಳು. ಹಸಿರು ಮತ್ತು ಬಿಳಿ ಹಾಳೆಯದೇ. ಕಪ್ಪು ಬರುವುದು ಮಾವಿನೆಲೆಯಂಥವನ್ನು ಸುಟ್ಟ ಕರಿಯಿಂದ, ಕೆಂಪು ಕೆಂಗಲ್ಲನ್ನು ತೇಯ್ದು, ಹಳದಿ ಅರಿಶಿನದಂಥ ಬೇರುಗಳಿಂದ. ಮೊದಲು ಕಪ್ಪು ಗೆರೆಗಳಿಂದ ರೂಪವನ್ನು ಗುರುತಿಸಿ, ಆಮೇಲೆ ಕೆಂಪು ಹಳದಿಗಳನ್ನು ತುಂಬುತ್ತಾರೆ. ಕುಂಚವೂ ತೋಟದ್ದೇ, ತುದಿ ಜಜ್ಜಿದ ಕಡ್ಡಿ.

ಕೆಂಪು ರಕ್ತ, ಕಪ್ಪು ಸಾವು ಎಂದು ಪಟ್ಟಿ ಮಾಡುವುದು ಸುಲಭ. ಆದರೆ ಬರೆಯುವವರ ಗಮನ ಅಲ್ಲಿರುವುದಿಲ್ಲ. ಒಂದು ಬಣ್ಣ ಇನ್ನೊಂದರ ಪಕ್ಕದಲ್ಲಿ ಎಷ್ಟು ಸ್ಪಷ್ಟವಾಗಿ ನಿಲ್ಲುತ್ತದೆ ಎನ್ನುವುದೇ ಅವರ ಚಿಂತೆ. ಬಣ್ಣಗಳನ್ನು ಒಂದರೊಳಗೊಂದು ಕರಗಿಸುವುದಿಲ್ಲ, ನೆರಳು ಕೊಡುವುದಿಲ್ಲ. ಕಪ್ಪು ಗಡಿಯೊಳಗೆ ಕೆಂಪು ಪೂರ್ತಿ ಕೆಂಪು, ಹಳದಿ ಪೂರ್ತಿ ಹಳದಿ. ಹಗಲಿನಲ್ಲಿ ಹತ್ತಿರದಿಂದ ನೋಡಿದರೆ ಈ ಚಿತ್ರ ಚಪ್ಪಟೆಯಾಗಿ, ತೀರ ಒರಟಾಗಿ ಕಾಣಬಹುದು. ಅದು ಹಗಲಿಗೆಂದು ಬರೆದದ್ದಲ್ಲ.

ಬೆಳಕಿನ ಪಾತ್ರವೇನು?

ಒಣಗಿದ ತೆಂಗಿನಗರಿಯನ್ನು ಕಟ್ಟಿ ಹೊತ್ತಿಸಿದ ಪಂಜಿಗೆ ಅವರು ಚೂಟ್ಟು ಎನ್ನುತ್ತಾರೆ. ನಮ್ಮ ಕರಾವಳಿಯವರ ಸೂಟೆ. ಕೋಲಗಳ ಜೊತೆಜೊತೆಗೆ ಈ ಪಂಜುಗಳು ಚಲಿಸುತ್ತವೆ. ಉರಿ ಏರಿದಾಗ ಕೆಂಪು ಮುಂದಕ್ಕೆ ಬರುತ್ತದೆ, ತಗ್ಗಿದಾಗ ಕಪ್ಪು ಗೆರೆಗಳು ಕತ್ತಲಲ್ಲಿ ಮುಳುಗಿ ಬಿಳಿ ಕಣ್ಣುಗಳಷ್ಟೇ ಉಳಿಯುತ್ತವೆ. ಚಿತ್ರಕಾರ ಕೊಡದೆ ಬಿಟ್ಟ ನೆರಳನ್ನು ಬೆಂಕಿ ಕೊಡುತ್ತದೆ, ಅದೂ ಕ್ಷಣಕ್ಕೊಂದು ಬಗೆಯದು. ಆದ್ದರಿಂದ ನಿಶ್ಚಲವಾದ ಮುಖವಾಡ ಕಣ್ಣು ಮಿಟುಕಿಸಿದಂತೆ, ಉಸಿರಾಡಿದಂತೆ ತೋರುತ್ತದೆ.

ಇಂದು ಹಲವೆಡೆ ಪ್ರಖರವಾದ ವಿದ್ಯುದ್ದೀಪಗಳು ಅಂಗಳವನ್ನು ಬೆಳಗುತ್ತವೆ. ಜನರ ಸುರಕ್ಷತೆಗೆ ಅದು ಬೇಕಾಗಬಹುದು. ಆದರೆ ಕೋಲ ಕುಣಿಯುವ ಹೊತ್ತಿಗಾದರೂ ಅವನ್ನು ಆರಿಸುವುದು ಒಳ್ಳೆಯದೆಂದು ನಾನು ಖಚಿತವಾಗಿ ಹೇಳುತ್ತೇನೆ; ಎಲ್ಲ ಕಡೆಯಿಂದ ಸಮವಾಗಿ ಬೀಳುವ ಬೆಳಕಿನಲ್ಲಿ ಕೋಲವು ಬರಿಯ ಚಿತ್ರಪಟವಾಗಿಬಿಡುತ್ತದೆ.

ರಾತ್ರಿಯ ಕಾರ್ಯಕ್ರಮ ಯಾವ ಕ್ರಮದಲ್ಲಿ ಸಾಗುತ್ತದೆ?

ಗುಡಿಯಿಂದ ಗುಡಿಗೆ ವ್ಯತ್ಯಾಸವಿದ್ದರೂ ಸಾಮಾನ್ಯವಾದ ಒಂದು ನಡೆಯಿದೆ. ಗರ್ಭಗುಡಿಯ ದೀಪದಿಂದ ಪಂಜು ಹೊತ್ತಿಸುವ ಚೂಟ್ಟುವೆಪ್ಪಿನಿಂದ ಉತ್ಸವ ಆರಂಭವಾಗುತ್ತದೆ. ಮುಂದೆ ತಪ್ಪು ಎಂಬ ವಾದ್ಯವನ್ನು ಬೆಂಕಿಗೆ ಹಿಡಿದು ಕಾಯಿಸಿ ಬಾರಿಸುತ್ತಾರೆ. ಇದು ನಮ್ಮ ತಮಟೆ, ತಪ್ಪಡಿಗಳ ಬಳಗದ್ದು: ಮರದ ಬಳೆಗೆ ಬಿಗಿದ ಚರ್ಮ, ಕಾಯಿಸಿದಷ್ಟೂ ಏರುವ ಶ್ರುತಿ. ಹೀಗೆ ಕಾಯಿಸಿ ಬಾರಿಸುವುದಕ್ಕೆ ಕಾಚ್ಚಿಕೊಟ್ಟು ಎಂದು ಹೆಸರು. ಪಡಯಣಿ ಶುರುವಾಯಿತೆಂದು ಊರಿಗೆ ಸಾರುವ ಸದ್ದೂ ಅದೇ. ಆಮೇಲೆ ಕಾಪ್ಪೊಲಿ, ಅಂದರೆ ಕೈಯಲ್ಲಿ ಹಸಿರು ಸೊಪ್ಪಿನ ಗೊಂಚಲು ಹಿಡಿದ ಜನ ಕೂಗು ಹಾಕುತ್ತ ಗುಂಪಾಗಿ ಸುತ್ತುವುದು. ನಂತರ ತಾವಡಿ, ಪುಲವೃತ್ತಂ ಮುಂತಾದ ಹೆಜ್ಜೆಗಾರಿಕೆಯ ಕುಣಿತಗಳು, ನಡುನಡುವೆ ವಿನೋದ, ಬಳಿಕ ಕೋಲಂ ತುಳ್ಳಲ್, ಅಂದರೆ ಕೋಲ ಹೊತ್ತು ಕುಣಿಯುವುದು.

ಆಟ ನಡೆಯುವ ಜಾಗವನ್ನು ಕಳಂ ಎನ್ನುತ್ತಾರೆ. ಹಳಗನ್ನಡದ ಕಳಕ್ಕೆ ಒಕ್ಕಣೆಯ ಕಣವೆಂದೂ ಯುದ್ಧದ ನೆಲವೆಂದೂ ಎರಡರ್ಥವಿರುವುದನ್ನು ನೆನೆದರೆ, ಸುಗ್ಗಿಯ ನಂತರ ಯುದ್ಧದ ಕೋಪವನ್ನು ಇಳಿಸಲು ಕುಣಿಯುವ ಈ ಕಲೆಗೆ ಅದಕ್ಕಿಂತ ತಕ್ಕ ಹೆಸರು ಸಿಗಲಾರದು.

ಕೋಲಗಳಲ್ಲಿ ಗಣಪತಿ ಮೊದಲು ಬರುವುದುಂಟು. ಮಂಗಳ ಭೈರವಿ ಕೊನೆಗೆ. ನಡುವಿನಲ್ಲಿ ಜನರು ಉಸಿರು ಬಿಗಿಹಿಡಿದು ಕಾಯುವುದು ಕಾಲನ್ ಕೋಲಕ್ಕೆ. ಮಾರ್ಕಂಡೇಯನಿಗೆ ಹದಿನಾರು ತುಂಬಿತು, ಕಾಲ ಪಾಶ ಬೀಸಿದ, ಶಿವ ಕಾಲನನ್ನೇ ಕೊಂದ ಎಂಬ ಕಥೆಯನ್ನು ಹಾಡು ಹೇಳುತ್ತದೆ, ಕೋಲ ಹೊತ್ತವನ ದೇಹ ಅದನ್ನು ಅನುಭವಿಸುತ್ತದೆ. ಕೊಲ್ಲಬಂದವನೂ ಅವನೇ, ಸಾಯುವವನೂ ಅವನೇ. ಗತಿ ಏರುತ್ತ ಹೋದಂತೆ ಅಭಿನಯ ಎಲ್ಲಿ ಮುಗಿಯಿತು, ಆವೇಶ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ಇಷ್ಟು ಗಂಭೀರವಾದ ಆರಾಧನೆಯಲ್ಲಿ ಹಾಸ್ಯಕ್ಕೆ ಸ್ಥಾನವಿರುವುದೇಕೆ?

ವಿನೋದಂ ಎಂಬ ಈ ಭಾಗವನ್ನು ಬಿಡುವಿನ ಆಟವೆಂದು ತಳ್ಳಿಹಾಕುವವರು ಕಥೆಯ ಮುಖ್ಯ ಮಾತನ್ನೇ ಮರೆತಿರುತ್ತಾರೆ. ದೇವಿಯ ಕೋಪ ಇಳಿದದ್ದು ನಗುವಿನಿಂದ. ಪರದೇಶಿಯಂಥ ಪಾತ್ರಗಳು ಬಂದು ಊರಿನ ಡಂಭ, ಲೋಭ, ಸೋಗುಗಳನ್ನು ಮಾತಿನಲ್ಲೂ ನಡೆಯಲ್ಲೂ ಎತ್ತಿ ತೋರಿಸುತ್ತವೆ. ಗುಡಿಯ ಅಂಗಳದಲ್ಲಿಯೇ ದೊಡ್ಡವರನ್ನು ಆಡಿಕೊಳ್ಳುವ ಅವಕಾಶ ಅಲ್ಲಿ ಸಿಗುತ್ತದೆ. ರೌದ್ರ ಮತ್ತು ಭಯಾನಕಗಳ ಪಕ್ಕದಲ್ಲಿ ಹಾಸ್ಯವನ್ನಿಟ್ಟರೆ ರಸಭಂಗವಾಗುತ್ತದೆಂಬ ಶಾಸ್ತ್ರದ ಅಳುಕು ಇಲ್ಲಿ ಇಲ್ಲ.

ಕೋಲಗಳು ಎಷ್ಟು ದೊಡ್ಡವಿರುತ್ತವೆ?

ಪಿಶಾಚು, ಮರುತಗಳಂಥ ಸಣ್ಣ ಕೋಲಗಳಿಗೆ ಕೆಲವೇ ಹಾಳೆ ಸಾಕು. ಅವು ಮುಖಕ್ಕೆ ಅಂಟಿಕೊಂಡಂತಿದ್ದು ಕುಣಿಯುವವನಿಗೆ ಪೂರ್ತಿ ಸ್ವಾತಂತ್ರ್ಯ ಕೊಡುತ್ತವೆ. ಯಕ್ಷಿ, ಪಕ್ಷಿಗಳಲ್ಲಿ ತಲೆಯ ಮೇಲೆ ಮುಡಿ ಏರುತ್ತದೆ. ಭೈರವಿಗೆ 101 ಹಾಳೆಗಳನ್ನು ಬಳಸುವುದೂ ಉಂಟು. ಅಷ್ಟು ದೊಡ್ಡದನ್ನು ಹೊತ್ತು ಕುಣಿಯಲು ಒಬ್ಬನ ಬಲ ಸಾಲದು, ಹಲವರು ಹೆಗಲು ಕೊಡುತ್ತಾರೆ. ಇಲ್ಲಿ ಮುಖವಾಡವು ಮುಖವನ್ನು ಮುಚ್ಚುವ ವಸ್ತುವಾಗಿ ಉಳಿಯುವುದಿಲ್ಲ, ಮನುಷ್ಯರು ಸೇರಿ ಎತ್ತಿ ಹಿಡಿದ ಕಟ್ಟಡವಾಗುತ್ತದೆ. ಆದರೂ ಗಾತ್ರವನ್ನೇ ಹಿರಿಮೆಯೆಂದು ತಿಳಿಯಬಾರದು. ಒಳ್ಳೆಯ ಮರುತ ಕೋಲವೊಂದರ ಚುರುಕು, ಗೆರೆಯ ಬಿಗಿ ಎಷ್ಟೋ ದೊಡ್ಡ ಕೋಲಗಳಲ್ಲಿ ಕಾಣಸಿಗುವುದಿಲ್ಲ.

ಕೋಲ ಬರೆಯುವವರು, ಕುಣಿಯುವವರು ಯಾರು?

ಕೋಲ ಬರೆಯುವ ಕೆಲಸವೂ ಹಾಡುಗಳ ಪರಂಪರೆಯೂ ಹಿಂದಿನಿಂದ ಗಣಕ ಸಮುದಾಯದವರೊಂದಿಗೆ ಗುರುತಾಗಿವೆ. ಹಾಳೆ ಕೊಯ್ಯುವುದು, ಪಂಜು ಕಟ್ಟುವುದು, ತಪ್ಪು ಬಾರಿಸುವುದು, ಕೋಲ ಹೊತ್ತು ತುಳ್ಳುವುದು, ಹೀಗೆ ಊರಿನ ಬೇರೆ ಬೇರೆ ಸಮುದಾಯಗಳಿಗೆ ಬೇರೆ ಬೇರೆ ಪಾಲಿತ್ತು. ಇದನ್ನು ಬರಿಯ ಸಾಮರಸ್ಯದ ಚಿತ್ರವಾಗಿ ತೋರಿಸುವುದು ಅರ್ಧಸತ್ಯ; ಜಾತಿಯ ಮೇಲುಕೀಳು ಅಂಗಳದ ಒಳಗೂ ಇತ್ತು, ಕುಣಿಯುವವರೆಲ್ಲ ಗಂಡಸರೇ ಆಗಿದ್ದರು. ಆದರೆ ಹಾಳೆಯ ಮೇಲಿನ ಗೆರೆ ತಪ್ಪಿಲ್ಲದೆ ನಮ್ಮ ಕಾಲದವರೆಗೆ ಬಂದಿರುವುದು, ದೇವಿಯ ಮುಖವನ್ನು ಬರೆದೂ ಹೆಸರು ಬರೆಯದೆ ಹೋದ ಆ ಕೈಗಳಿಂದ.

ಭೂತಕೋಲ, ತೆಯ್ಯಂ, ಸೋಮನ ಕುಣಿತಗಳಿಗಿಂತ ಪಡಯಣಿ ಹೇಗೆ ಭಿನ್ನ?

ತೆಯ್ಯಂ ಮತ್ತು ಭೂತಕೋಲಗಳಲ್ಲಿ ವೇಷ ಕಟ್ಟಿದವನ ಮೈಮೇಲೆ ದೈವ ಬರುತ್ತದೆ, ನುಡಿ ಕೊಡುತ್ತದೆ, ಜನರ ದೂರು ಕೇಳುತ್ತದೆ. ಪಡಯಣಿಯಲ್ಲಿ ದೈವ ಮುಖ್ಯವಾಗಿ ನೋಡುವ ಸ್ಥಾನದಲ್ಲಿದೆ. ಕೋಲವು ಅದಕ್ಕೆ ಕಾಣಿಕೆ. ಹಳೆ ಮೈಸೂರು ಸೀಮೆಯ ಸೋಮನ ಕುಣಿತವೂ ಗ್ರಾಮದೇವತೆಯ ಮುಂದಿನ ಮುಖವಾಡದ ಕುಣಿತವೇ, ಆದರೆ ಅಲ್ಲಿನ ಸೋಮ ಮರದ್ದು; ವರ್ಷ ವರ್ಷವೂ ಅದೇ ಮುಖ ಮರಳಿ ಬರುತ್ತದೆ. ಮುಡಿಯೇಟ್ಟಿನಲ್ಲಿ ಮುಖವಾಡವಿಲ್ಲ, ಮುಖದ ಮೇಲೆಯೇ ಬಣ್ಣ; ಕಾಳಿಯೂ ದಾರಿಕನೂ ಪಾತ್ರಗಳಾಗಿ ಎದುರುಬದುರಾಗುತ್ತಾರೆ. ಯುನೆಸ್ಕೊ 2010ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಮುಡಿಯೇಟ್ಟನ್ನು. ಎರಡನ್ನೂ ಒಂದೆಂದು ತಿಳಿದು ಆ ಮನ್ನಣೆಯನ್ನು ಪಡಯಣಿಗೆ ಹಚ್ಚುವ ತಪ್ಪು ಆಗಬಾರದು.

ಯಾವಾಗ, ಎಲ್ಲಿ ನೋಡಬಹುದು?

ಸುಗ್ಗಿ ಮುಗಿದು ಮಳೆ ಬರುವ ಮುಂಚಿನ ತಿಂಗಳುಗಳು ಹೆಚ್ಚಿನ ಊರುಗಳಲ್ಲಿ ಪಡಯಣಿಯ ಕಾಲ. ಕಡಮ್ಮನಿಟ್ಟದ ದೇವಿ ಗುಡಿಯಲ್ಲಿ ಮೇಡಂ ತಿಂಗಳ ಮೊದಲ ಹತ್ತು ದಿನ, ಅಂದರೆ ಏಪ್ರಿಲ್ ನಡುವಿನಿಂದ. ಎಂಟನೆಯ ದಿನ ದೊಡ್ಡ ಪಡಯಣಿ. ಓತರ, ಕೋಟ್ಟಾಂಙಲ್, ಕಡಲಿಮಂಗಲಂ, ಎಲಂತೂರ್ ಗುಡಿಗಳ ಪಡಯಣಿಗಳಿಗೂ ಹೆಸರಿದೆ. ಕುರಂಪಾಲದಲ್ಲಿ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ಮುಳ್ಳುಬೆತ್ತವನ್ನು ಮೈಗೆ ಸುತ್ತಿಕೊಂಡು ಉರುಳುವ ಅಡವಿ ಎಂಬ ಆಚರಣೆ ಅಲ್ಲಿನ ವಿಶೇಷ. ಕುಟ್ಟನಾಡಿನ ನೀಲಂಪೇರೂರಿನದು ತೀರ ಬೇರೆ ಬಗೆ: ಓಣಂ ಕಳೆದ ಮೇಲೆ, ಹಾಳೆಯ ಕೋಲಗಳಿಗೆ ಬದಲಾಗಿ ಬಾಳೆಯ ದಿಂಡಿನ ಪದರ, ತಾವರೆ ಎಲೆ, ಕೇಪಳದ ಹೂಗಳಿಂದ ಕಟ್ಟಿದ ಎತ್ತರದ ಹಂಸಗಳು ದೇವಿಯ ಮುಂದೆ ಬರುತ್ತವೆ.

ಆಧುನಿಕ ಸಾಹಿತ್ಯ, ರಂಗಭೂಮಿಗಳ ಮೇಲೆ ಇದರ ಪ್ರಭಾವವಿದೆಯೇ?

ಇದೆ. ಮಲಯಾಳದ ಕವಿ ಕಡಮ್ಮನಿಟ್ಟ ರಾಮಕೃಷ್ಣನ್ (1935–2008) ತಮ್ಮ ಊರಿನ ಹೆಸರನ್ನು ಮಾತ್ರವಲ್ಲ, ಊರಿನ ಪಡಯಣಿಯ ಲಯವನ್ನೂ ಹೊತ್ತುಕೊಂಡು ಬರೆದವರು. ಅವರು ಕವಿತೆಯನ್ನು ಎತ್ತಿದ ದನಿಯಲ್ಲಿ ಹಾಡಿ ಹೇಳುವಾಗ, ಸಿಟ್ಟು ತಾಳಕ್ಕೆ ಬಿದ್ದು ಕವಿತೆಯಾಗುವ ಬಗೆ ಕೇಳಿದವರಿಗೆ ಗೊತ್ತಾಗುತ್ತಿತ್ತು. ರಂಗನಿರ್ದೇಶಕ ಕಾವಾಲಂ ನಾರಾಯಣ ಪಣಿಕ್ಕರ್ (1928–2016) ಅವರೂ ಕೇರಳದ ಆರಾಧನಾ ಕಲೆಗಳಿಂದ ತಮ್ಮ ರಂಗಭಾಷೆಯನ್ನು ಕಟ್ಟಿಕೊಂಡವರು.

ಕುಣಿತ ಮುಗಿದ ಮೇಲೆ ಕೋಲಗಳನ್ನು ಏನು ಮಾಡುತ್ತಾರೆ? ಸಂಗ್ರಹಾಲಯದಲ್ಲಿ ಇಡಬಾರದೇ?

ಇಟ್ಟಿರುವ ಮಾದರಿಗಳಿವೆ, ಬಟ್ಟೆ ಮತ್ತು ಹಲಗೆಯ ಮೇಲೆ ತಯಾರಿಸಿದ ಪ್ರತಿಕೃತಿಗಳೂ ಇವೆ. ಗೆರೆಯನ್ನು ಅಭ್ಯಾಸ ಮಾಡುವವರಿಗೆ ಅವು ಉಪಯುಕ್ತ. ಆದರೆ ಅಂಗಳದಲ್ಲಿ ಕುಣಿದ ಕೋಲವನ್ನು ಯಾರೂ ಜೋಪಾನ ಮಾಡುವುದಿಲ್ಲ. ದೇವಿ ನೋಡಿ ಆಯಿತು, ಅದರ ಕೆಲಸ ಮುಗಿಯಿತು. ರಾತ್ರಿಯಿಡೀ ಎಲ್ಲರೂ ತಲೆಯೆತ್ತಿ ನೋಡಿದ ಭೈರವಿಯ ಹಾಳೆಗಳು ಬೆಳಗಿನ ಹೊತ್ತಿಗೆ ಅಂಚಿನಲ್ಲಿ ಸುರುಟಲು ಶುರುವಾಗಿರುತ್ತವೆ. ಕೆಂಗಲ್ಲಿನ ಕೆಂಪು ಪುಡಿಯಾಗಿ ಉದುರುತ್ತದೆ. ಮುಂದಿನ ವರ್ಷ ಮತ್ತೆ ಮರ ಹತ್ತಿ ಹಸಿ ಹಾಳೆ ಕೊಯ್ದು, ಅವಳ ಕಣ್ಣನ್ನು ಹೊಸದಾಗಿ ಬರೆಯುತ್ತಾರೆ.